ಹೆಸರುಳಿಯದ ಕೈಗಳ ಕಸೂತಿ

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 1700ರ ಕಾಲದ ಕೆಲವು ಮಂಚದ ಪರದೆಗಳಿವೆ. ಅವು ಸಸೆಕ್ಸ್ ಪ್ರಾಂತ್ಯದ ಆಶ್‌ಬರ್ನ್‌ಹ್ಯಾಮ್ ಮನೆತನದವು. ಆದರೆ ಅವು ಸಿದ್ಧಗೊಂಡದ್ದು ಗುಜರಾತಿನಲ್ಲಿ. ಹತ್ತಿಬಟ್ಟೆಯ ಮೇಲೆ ಬಣ್ಣದ ರೇಷ್ಮೆ ಎಳೆಗಳಿಂದ ಹೂಗಿಡಗಳನ್ನು ಬಿಡಿಸಲಾಗಿದೆ.

ಯಾವುದೇ ವಸ್ತುವಿಗೂ ನಾಲ್ಕು ಕಾರಣಗಳುಂಟೆಂದು ಅರಿಸ್ಟಾಟಲನ ಮತ: ಯಾವುದರಿಂದ ಆಯಿತು, ಯಾವ ರೂಪ ತಾಳಿತು, ಯಾರಿಂದ ಆಯಿತು, ಯಾವುದಕ್ಕಾಗಿ ಆಯಿತು. ಈ ಪರದೆಗಳ ವಿಷಯದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಸುಲಭ. ದ್ರವ್ಯವು ಹತ್ತಿ ಮತ್ತು ರೇಷ್ಮೆ, ರೂಪವು ಹೂಗಿಡ, ಉದ್ದೇಶವು ಸಿರಿವಂತರ ಶಯನಗೃಹದ ಅಲಂಕಾರ. ‘ಯಾರಿಂದ’ ಎಂಬಲ್ಲಿ ಮಾತ್ರ ಮೌನ.

ವ್ಯಕ್ತಿಯ ಹೆಸರು ಉಳಿಯದಿದ್ದರೂ ಕಸುಬಿನ ಗುರುತು ಉಳಿದಿದೆ. ಚರ್ಮದ ಕೆಲಸಕ್ಕೆ ಬಳಸುತ್ತಿದ್ದ ಕೊಕ್ಕೆಮೊನೆಯ ಆರಿಯನ್ನೇ ಗುಜರಾತಿನ ಮೋಚಿಗಳು ಬಟ್ಟೆಗೂ ಅಳವಡಿಸಿದರು. ಚೌಕಟ್ಟಿಗೆ ಬಿಗಿದ ಬಟ್ಟೆಯ ಕೆಳಗೆ ಒಂದು ಕೈ ದಾರವನ್ನು ಹಿಡಿದಿರುತ್ತದೆ. ಮೇಲಿನ ಕೈ ಆರಿಯನ್ನು ಚುಚ್ಚಿ ಆ ದಾರವನ್ನು ಕುಣಿಕೆಯಾಗಿ ಮೇಲಕ್ಕೆಳೆಯುತ್ತದೆ. ಆ ಕುಣಿಕೆಯೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಇದೇ ಸರಪಳಿ ಹೊಲಿಗೆ. ಕೊನೆಯ ಕುಣಿಕೆಯನ್ನು ಭದ್ರಪಡಿಸದಿದ್ದರೆ ಇಡೀ ಸಾಲು ಬಿಚ್ಚಿಹೋಗುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಭಾರತದ ಬಟ್ಟೆಗಳನ್ನು ಇಂಗ್ಲೆಂಡಿಗೆ ಒಯ್ದಂತೆಲ್ಲ ಅಲ್ಲಿಯ ನೇಕಾರರ ಕೆಲಸಕ್ಕೆ ಕುತ್ತು ಬಂದಿತು. 1700ರ ಶಾಸನವು ಪರ್ಷಿಯಾ, ಚೀನಾ, ಭಾರತಗಳ ರೇಷ್ಮೆಬಟ್ಟೆಗಳನ್ನೂ ಅಚ್ಚಿನ ಹತ್ತಿಬಟ್ಟೆಗಳನ್ನೂ ಅಲ್ಲಿ ಉಡದಂತೆ ನಿಷೇಧಿಸಿತು. ಆದರೂ ಅಚ್ಚಿನ ಬಟ್ಟೆಯ ಮೋಹ ಅಡಗಲಿಲ್ಲ. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು, ಅದನ್ನುಟ್ಟ ಸ್ತ್ರೀಯರ ಮೈಮೇಲಿನ ಉಡುಪನ್ನೇ ಹರಿದರು. 1721ರಲ್ಲಿ ಮತ್ತೂ ಕಠಿಣವಾದ ಶಾಸನ ಬಂದಿತು. ಆ ಕೃತ್ಯವನ್ನು ನಾವು ಒಪ್ಪಲಾರೆವು. ಆದರೆ ಅವರ ಹಸಿವು ಸುಳ್ಳಾಗಿರಲಿಲ್ಲ. ಅಲ್ಲಿಯ ನೇಕಾರನಿಗೂ ಇಲ್ಲಿಯ ಮೋಚಿಗೂ ದ್ವೇಷವೇನಿತ್ತು? ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಅವರ ನಡುವೆ ಇದ್ದದ್ದು ವ್ಯಾಪಾರ.

ಸುಮಾರು 1760ರ ವೇಳೆಗೆ ಫ್ರಾನ್ಸಿನ ಸ್ತ್ರೀಯರೂ ದುಂಡು ಚೌಕಟ್ಟಿನ ಮೇಲೆ ಇಂಥದೇ ಕೊಕ್ಕೆಸೂಜಿ ಹಿಡಿದು ಕುಳಿತರು. ಇಂದು ನಮ್ಮ ಊರುಗಳಲ್ಲಿ ಮದುವಣಗಿತ್ತಿಯ ರವಿಕೆಗೆ ಹೇಳಿ ಮಾಡಿಸುವ ‘ಆರಿ ವರ್ಕ್’ ಕೂಡ ಅದೇ ಆರಿಯ ಕೆಲಸ. ರವಿಕೆಯ ಅಂದವನ್ನು ನಾವು ಮೆಚ್ಚುತ್ತೇವೆ, ಬೆಲೆಯನ್ನು ಚೌಕಾಸಿ ಮಾಡುತ್ತೇವೆ; ಬೆನ್ನು ಬಾಗಿಸಿ ದಿನವಿಡೀ ಕುಳಿತವರು ಯಾರೆಂದು ಕೇಳುವುದು ಅಪರೂಪ. ಅರಿಸ್ಟಾಟಲನ ಪಟ್ಟಿಯಲ್ಲಿ ಕರ್ತೃವಿಗೂ ಸ್ಥಾನವಿದೆ. ನಮ್ಮ ಲೆಕ್ಕದಲ್ಲಿ ಏಕಿಲ್ಲ?

ಮೂರು ಶತಮಾನಗಳ ಹಿಂದಿನ ಆ ಹೆಸರುಗಳನ್ನು ಇಂದು ಕೇಳಿ ತಿಳಿಯುವಂತಿಲ್ಲ. ಇಂದಿನವರ ಹೆಸರನ್ನು ಕೇಳಬಹುದು, ಅವರ ಕೂಲಿಯನ್ನು ನ್ಯಾಯವಾಗಿ ಸಲ್ಲಿಸಬಹುದು. ಅದಿನ್ನೂ ನಮ್ಮ ಕೈಯಲ್ಲಿದೆ.