ಆನೆಗೊಂದು ಲೆಕ್ಕ, ಹಮಾಲಿಗೊಂದು ಲೆಕ್ಕ

ದಸರಾ ಆನೆಗಳು ಕಾಡಿನಿಂದ ಮೈಸೂರಿಗೆ ಬಂದ ಮೇಲೆ ಮೊದಲು ನಡೆಯುವ ಕೆಲಸಗಳಲ್ಲಿ ತೂಕವೂ ಒಂದು. ವೇಬ್ರಿಡ್ಜ್ ಮೇಲೆ ಒಂದೊಂದೇ ಆನೆ ಹತ್ತಿ ಇಳಿಯುತ್ತದೆ. ಯಾರು ಎಷ್ಟು ಕೆ.ಜಿ. ಎಂಬುದು ಮರುದಿನ ಪತ್ರಿಕೆಗಳಲ್ಲಿ ಸುದ್ದಿ. ಆಮೇಲೆ ತಾಲೀಮು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್, ಮೊದಮೊದಲು ಬರಿ ಬೆನ್ನಿನ ನಡಿಗೆ. ಕೆಲವು ದಿನಗಳ ನಂತರ ನಮ್ದಾ ಎಂಬ ಮೆತ್ತೆ, ಗಾದಿ, ಅದರ ಮೇಲೆ ಮರಳಿನ ಮೂಟೆ. ಮೂಟೆಯ ಭಾರ ಹಂತಹಂತವಾಗಿ ಏರುತ್ತದೆ. ಬಳಿಕ ಮರದ ಅಂಬಾರಿ. 750 ಕೆ.ಜಿ.ಯ ಚಿನ್ನದ ಅಂಬಾರಿ ಬೆನ್ನೇರುವುದು ವಿಜಯದಶಮಿಯಂದು ಮಾತ್ರ. ಅದನ್ನು ಎತ್ತಿ ಕೂರಿಸಲು ಕ್ರೇನ್ ಬರುತ್ತದೆ.

2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನಿಗೆ ಅರವತ್ತು ದಾಟಿತೆಂದು 2020ರಲ್ಲಿ ಆ ಹೊಣೆ ಅಭಿಮನ್ಯುವಿಗೆ ಬಂತು.

ಅಭಿಮನ್ಯುವಿನ ಮೈತೂಕ ಐದು ಸಾವಿರ ಕೆ.ಜಿ.ಗೂ ಹೆಚ್ಚು. ಅಂಬಾರಿ ಅದರ ಸುಮಾರು ಏಳನೇ ಒಂದು ಪಾಲು. ಇದೇ ಊರಿನ ಬಂಡೀಪಾಳ್ಯದ ಎಪಿಎಂಸಿ ಯಾರ್ಡಿನಲ್ಲೋ ಸಂತೇಪೇಟೆಯ ಗಲ್ಲಿಯಲ್ಲೋ ಅರವತ್ತು ಕೆ.ಜಿ. ಮೈತೂಕದ ಹಮಾಲಿಯೊಬ್ಬ 50 ಕೆ.ಜಿ. ಮೂಟೆಗೆ ಬೆನ್ನು ಕೊಟ್ಟರೆ ಲೆಕ್ಕ ಬೇರೆಯೇ ಆಗುತ್ತದೆ: ಅವನ ಮೈತೂಕದ ಆರರಲ್ಲಿ ಐದು ಪಾಲು. ಹತ್ತು ಟನ್ನಿನ ಒಂದು ಲಾರಿಯೆಂದರೆ ಇಂಥ ಇನ್ನೂರು ಮೂಟೆ. ನಾಲ್ವರು ಇಳಿಸಿದರೆ ತಲಾ ಐವತ್ತು, ಒಬ್ಬೊಬ್ಬನ ಬೆನ್ನ ಮೇಲೆ 2,500 ಕೆ.ಜಿ. ಅವನಿಗೆ ತಾಲೀಮು ಇಲ್ಲ, ಕ್ರೇನ್ ಇಲ್ಲ, ಇಂಥ ವಯಸ್ಸಿಗೆ ಸಾಕು ಎನ್ನುವವರೂ ಇಲ್ಲ. ತಲೆಗೊಂದು ಟವೆಲ್, ಕೈಗೊಂದು ಕೊಕ್ಕೆ.

ಭಾರ ಎತ್ತಿದಾಗ ಒಳಗೆ ಆಗುವುದೇನು? ಬೆನ್ನುಮೂಳೆಯ ಮಣಿಗಳ ನಡುವೆ ಡಿಸ್ಕ್‌ಗಳಿವೆ. ಸುತ್ತ ಗಟ್ಟಿ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕ್‌ನೊಳಗೇ ಸಂವೇದಕವಿಟ್ಟು ಅಲ್ಲಿನ ಒತ್ತಡ ಅಳೆದು, 1999ರಲ್ಲಿ ಪ್ರಕಟಿಸಿದರು. ಆತ ಸುಮ್ಮನೆ ನಿಂತಿದ್ದಾಗ ಒತ್ತಡ ಸುಮಾರು 5 ಬಾರ್, ಅಂದರೆ ಕಾರಿನ ಟಯರಿನ ಗಾಳಿಯ ಎರಡರಷ್ಟು. ಬೆನ್ನು ಬಾಗಿಸಿ 20 ಕೆ.ಜಿ. ಎತ್ತಿದಾಗ 23 ಬಾರ್, ಟಯರಿನ ಹತ್ತರಷ್ಟು. ಅದೇ ಭಾರವನ್ನು ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು ಎತ್ತಿದಾಗ 17. ಎದೆಗವಚಿ ಹಿಡಿದು ನಿಂತಾಗ 11. ತೋಳು ಚಾಚಿ ದೂರ ಹಿಡಿದಾಗ 18.

ಮನೆಗೆ ಬರುವ ಹೊರೆಗಳಿಗೂ ಇದೇ ಲೆಕ್ಕ. ಇಪ್ಪತ್ತು ಲೀಟರ್ ನೀರಿನ ಕ್ಯಾನ್ 20 ಕೆ.ಜಿ. ತೂಗುತ್ತದೆ. ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕೆ.ಜಿ., ಕಬ್ಬಿಣವೂ ಸೇರಿದರೆ ಮೂವತ್ತರ ಆಸುಪಾಸು. ಅದನ್ನು ಮೂರನೇ ಮಹಡಿಗೆ ಹೊತ್ತು ತರುವಾತ ಮೆಟ್ಟಿಲ ತಿರುವಿನಲ್ಲಿ ಪಾದ ತಿರುಗಿಸದೆ ಸೊಂಟ ತಿರುಚಿದನೋ, ಡಿಸ್ಕ್‌ನ ಬಳೆಗೆ ಅತಿ ಕೆಟ್ಟ ಏಟು ಬೀಳುವುದು ಆಗಲೇ. ‘ಸೊಂಟ ಹಿಡ್ಕೊಂಡಿದೆ’ ಎಂದು ಎಣ್ಣೆ ತಿಕ್ಕಿಸಿ ಮರುದಿನ ಮತ್ತೆ ಹೊರೆಗೆ ನಿಲ್ಲುವವರೇ ಹೆಚ್ಚು. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ವೈದ್ಯರಿಗೆ ತೋರಿಸಬೇಕು. ಮೂತ್ರದ ಮೇಲೆ ಹತೋಟಿ ತಪ್ಪಿದರೆ ಒಂದು ದಿನವೂ ತಡೆಯುವಂತಿಲ್ಲ, ನೇರ ಆಸ್ಪತ್ರೆಗೇ.

‘ಮಂಡಿ ಮಡಚಿ ಎತ್ತಿ’ ಎಂದು ಗೋದಾಮಿನ ಗೋಡೆಗೆ ಚಿತ್ರ ಅಂಟಿಸಿದರೆ ಸಾಕೆ? ಬ್ರಿಟಿಷ್ ಮೆಡಿಕಲ್ ಜರ್ನಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಸಮೀಕ್ಷೆಯೊಂದು ಎತ್ತುವ ವಿಧಾನದ ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಎನ್ನಲು ಪುರಾವೆ ಕಾಣದೆ ಹೋಯಿತು. ಮೆಡಿಕಲ್ ಶಾಪಿನ ಸೊಂಟದ ಬೆಲ್ಟೂ ಅಷ್ಟೆ: ಆರೋಗ್ಯವಂತ ಕೆಲಸಗಾರರಿಗೆ ಅದನ್ನು ಶಿಫಾರಸು ಮಾಡಲಾಗದು ಎಂದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಅಧ್ಯಯನ ಮಾಡುವ ಅಮೆರಿಕದ ನಿಯಾಷ್ ಸಂಸ್ಥೆ 1994ರಲ್ಲೇ ಹೇಳಿತು. ಹೊರೆಯೇ ಮೈಗೆ ಮೀರಿದ್ದಾದರೆ ಎತ್ತುವ ಚಾಕಚಕ್ಯತೆ ಎಷ್ಟೆಂದು ಕಾಪಾಡೀತು? ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಎತ್ತುವ ಭಾರ 23 ಕೆ.ಜಿ. ದಾಟಬಾರದು ಎಂಬುದು ಅದೇ ಸಂಸ್ಥೆಯ ಲೆಕ್ಕಾಚಾರ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನೂ ಗಾಯವಾಗುವಷ್ಟು ಭಾರ ಹೊರಿಸುವಂತಿಲ್ಲ ಎಂದಿತ್ತು; ಆದರೆ ಅದು ಬರೆದದ್ದು ಕಾರ್ಖಾನೆಯ ಒಳಗಿನವರಿಗೆ, ಸಂತೇಪೇಟೆಯ ಗಲ್ಲಿಯಲ್ಲಿ ಮೂಟೆ ಇಳಿಸುವವನಿಗಲ್ಲ.

ಹೊರೆಗೆ ತಕ್ಕ ಏರ್ಪಾಡು ಮಾಡುವ ಜಾಣ್ಮೆ ಈ ಸೀಮೆಗೆ ಹೊಸದಲ್ಲ. ಹಳೆಯ ದಾರಿಗಳ ಬದಿಯಲ್ಲಿ ಹೊರೆಗಲ್ಲುಗಳಿದ್ದವು: ನೆಟ್ಟ ಎರಡು ಕಂಬದ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ತಲೆಹೊರೆಯವರು ಬಗ್ಗದೆ, ಕೈ ಕೊಡಲು ಯಾರನ್ನೂ ಕರೆಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿ ಹೊರಡುತ್ತಿದ್ದರು. ಲಾರಿಯ ಹಲಗೆಯ ಮಟ್ಟಕ್ಕೆ ಕಟ್ಟಿದ ಗೋದಾಮಿನ ಕಟ್ಟೆ ಮಾಡುವುದೂ ಅದನ್ನೇ; ಅಲ್ಲಿ ಮೂಟೆ ನೆಲಕ್ಕೆ ಇಳಿಯುವುದೇ ಇಲ್ಲ, ಕೈಗಾಡಿಯಲ್ಲಿ ಉರುಳಿಕೊಂಡು ಒಳಗೆ ಹೋಗುತ್ತದೆ. ಕಿರಾಣಿ ಅಂಗಡಿಯವರಿಗೆ ಇದಕ್ಕೆ ಖರ್ಚೂ ಬೇಡ. ಭಾರದ ಚೀಲವನ್ನು ನೆಲಕ್ಕೂ ಅಟ್ಟಕ್ಕೂ ಹಾಕದೆ ಸೊಂಟದ ಎತ್ತರದ ಹಲಗೆಯ ಮೇಲಿಟ್ಟರೆ ಬಗ್ಗಿ ಏಳುವುದರಲ್ಲಿ ಅರ್ಧ ತಪ್ಪುತ್ತದೆ.

ಇನ್ನು ಮೂಟೆಯ ತೂಕ. ಅದೇನೂ ಶಿಲಾಶಾಸನವಲ್ಲ. ಕ್ವಿಂಟಾಲ್ ಮೂಟೆ ಹೊತ್ತ ಹಿರಿಯರು ಈಗಲೂ ಮಾರುಕಟ್ಟೆಯಲ್ಲಿ ಸಿಗುತ್ತಾರೆ. ಅದು ಈಗ ಐವತ್ತಕ್ಕೆ ಇಳಿದಿದೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಿದ್ದಾಗ, ಸ್ವಲ್ಪ ದಿನಕ್ಕೇ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿತು. ತೆರಿಗೆಯ ನೆಪ ಸಿಕ್ಕಾಗ ಚೀಲದ ಅಳತೆ ಅಷ್ಟು ಬೇಗ ಬದಲಾಯಿತು.

ಸಗಟು ಮೂಟೆಯೂ ಇಪ್ಪತ್ತೈದಕ್ಕೆ ಇಳಿದರೆ ಅದೇ ಲಾರಿಯಲ್ಲಿ ನಾನೂರು ಚೀಲ ಬರುತ್ತವೆ. ಹಮಾಲಿಗೆ ಕೂಲಿ ಸಿಗುವುದು ಮೂಟೆ ಲೆಕ್ಕದಲ್ಲಿ. ಅವಸರಕ್ಕೆ, ಒಂದೇ ಸಲ ಎರಡೆರಡು ಹೊರುವ ಸಾಹಸಕ್ಕೆ ಕಾರಣವೂ ಅದೇ. ಹಾಗಾಗಿ ಸಣ್ಣ ಚೀಲಕ್ಕೆ ದರ ಎಷ್ಟು, ಕೈಗಾಡಿ ಕೊಳ್ಳುವವರು ಯಾರು ಎಂಬ ಮಾತು ವರ್ತಕರು ಮತ್ತು ಹಮಾಲರ ನಡುವೆ ಮೊದಲು ಇತ್ಯರ್ಥವಾಗಬೇಕಾಗುತ್ತದೆ.