ಗಣಕದ ಆಟದ ನಾಯಕನು ವೀರನೆ?

ವಿಕಿರಣಪಟುತ್ವದ ಪಾಠವನ್ನು ಹೇಳುತ್ತ ಕರಿಯ ಹಲಗೆಯ ಮೇಲೆ ಗ್ರೀಕ್ ಅಕ್ಷರವಾದ ಲ್ಯಾಂಬ್ಡವನ್ನು ಬರೆದ ದಿನ, ಹಿಂದಿನ ಬೆಂಚುಗಳಲ್ಲಿ ಸಣ್ಣದೊಂದು ನಗೆ ಎದ್ದಿತು. ಕಾರಣವೇನೆಂದು ಕೇಳಲು ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಅದು ಗಾರ್ಡನ್ ಫ್ರೀಮನ್ ಎದೆಯ ಮೇಲಿರೋ ಗುರುತು, ಸಾರ್. ಅವನೂ ನಿಮ್ಮ ಹಾಗೆ ಫಿಸಿಕ್ಸ್‌ನವನೇ. ದೊಡ್ಡ ಹೀರೋ!" ಎಂದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಬೇಸಿಗೆಯ ರಜೆಯಲ್ಲಿ ಆ ಆಟವನ್ನು ತರಿಸಿ ಕೊನೆಯವರೆಗೂ ಆಡಿ ನೋಡಿದೆನು. ಆಟವು ಸೊಗಸಾಗಿದೆ. ಅದರ ನಾಯಕನು ವೀರನೆಂಬುದನ್ನು ಮಾತ್ರ ಒಪ್ಪಲಾರದೆ ಹೋದೆನು. ಏಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಟದ ಹೆಸರು 'ಹಾಫ್-ಲೈಫ್', ಎಂದರೆ ಅರ್ಧಾಯು. ಅಮೆರಿಕದ ವಾಲ್ವ್ ಎಂಬ ಸಂಸ್ಥೆಯು ಇದನ್ನು ೧೯೯೮ರ ನವೆಂಬರಿನಲ್ಲಿ ಹೊರತಂದಿತು. ಕಥೆಯನ್ನು ಬರೆದವರು ಕಾದಂಬರಿಕಾರರಾದ ಮಾರ್ಕ್ ಲೇಡ್‌ಲಾ. ನ್ಯೂ ಮೆಕ್ಸಿಕೊ ಪ್ರಾಂತದ ನೆಲದಡಿಯಲ್ಲಿ 'ಬ್ಲ್ಯಾಕ್ ಮೆಸಾ' ಎಂಬ ಕಾಲ್ಪನಿಕ ಸಂಶೋಧನಾಲಯವಿದೆ. ಅಲ್ಲಿ ಕೆಲಸಕ್ಕೆ ಸೇರಿರುವ ಗಾರ್ಡನ್ ಫ್ರೀಮನ್ನನಿಗೆ ಇಪ್ಪತ್ತೇಳು ವರ್ಷ, ಎಂ.ಐ.ಟಿ.ಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು. ಒಂದು ಬೆಳಗ್ಗೆ ತಡವಾಗಿ ಬಂದ ಅವನನ್ನು ಹಿರಿಯರು ಪರೀಕ್ಷಾಕೋಣೆಗೆ ಕಳುಹಿಸುತ್ತಾರೆ. ತಳ್ಳುಗಾಡಿಯಲ್ಲಿರುವ ಸ್ಫಟಿಕವೊಂದನ್ನು ಯಂತ್ರದ ಕಿರಣಕ್ಕೆ ಒಡ್ಡುವುದು ಅವನ ಕೆಲಸ. ಒಡ್ಡಿದೊಡನೆ ಅನಾಹುತವಾಗಿ, ಬೇರೊಂದು ಲೋಕದ ಬಾಗಿಲು ತೆರೆದು, ಘೋರಜಂತುಗಳು ನುಗ್ಗಿಬರುತ್ತವೆ. ಬಳಿಕ ಸಾಕ್ಷಿಗಳ ಬಾಯನ್ನು ಶಾಶ್ವತವಾಗಿ ಮುಚ್ಚಿಸಲು ಸರಕಾರದ ಸೈನಿಕರೂ ಬರುತ್ತಾರೆ. ಫ್ರೀಮನ್ನನು ಕೈಗೆ ಸಿಕ್ಕ ಹಾರೆಯೊಂದನ್ನು ಹಿಡಿದು ಇವೆಲ್ಲವನ್ನೂ ದಾಟಿ ಆ ಪರಲೋಕಕ್ಕೇ ಹೋಗಿ ಅಲ್ಲಿಯ ಒಡೆಯನನ್ನು ಕೊಲ್ಲುತ್ತಾನೆ.

ಆ ಯಂತ್ರಕ್ಕೆ ಆಟದವರು ಇಟ್ಟ ಹೆಸರು 'ಪ್ರತಿ-ದ್ರವ್ಯರಾಶಿ ರೋಹಿತಮಾಪಕ'. ಇಂತಹುದು ಎಲ್ಲಿಯೂ ಇಲ್ಲ. ನಿಜವಾದ ದ್ರವ್ಯರಾಶಿ ರೋಹಿತಮಾಪಕವು ಆಸ್ಟನ್ನನು ೧೯೧೯ರಲ್ಲಿ ನಿರ್ಮಿಸಿದ ಉಪಕರಣ; ಸಮಸ್ಥಾನಿಗಳನ್ನು ತೂಕದ ಮೇಲೆ ಬೇರ್ಪಡಿಸಿ ತೋರಿಸುವ ಅದು ಯಾವ ಪಾತಾಳದ ಬಾಗಿಲನ್ನೂ ಇದುವರೆಗೆ ತೆರೆದುದಿಲ್ಲ. ಲ್ಯಾಂಬ್ಡದ ಗುರುತು ಮಾತ್ರ ಸಾಚಾ. ಒಂದು ಪರಮಾಣು ಬೀಜವು ಒಂದು ಸೆಕೆಂಡಿನಲ್ಲಿ ಒಡೆಯುವ ಸಂಭಾವ್ಯತೆಯೇ ಲ್ಯಾಂಬ್ಡ, ೦.೬೯೩ನ್ನು ಅದರಿಂದ ಭಾಗಿಸಿದರೆ ಅರ್ಧಾಯು ದೊರೆಯುತ್ತದೆ. ಕೋಟ್ಯಂತರ ಬೀಜಗಳಲ್ಲಿ ಅರ್ಧ ಯಾವಾಗ ಉಳಿಯುವುವೆಂದು ನಾವು ಕರಾರುವಾಕ್ಕಾಗಿ ಹೇಳಬಲ್ಲೆವು. ಆದರೆ ಇದೊಂದು ಬೀಜವು ಈಗ ಒಡೆಯುವುದೋ, ಸಾವಿರ ವರ್ಷ ಕಳೆದು ಒಡೆಯುವುದೋ ಎಂಬುದನ್ನು ಯಾವ ಪಂಡಿತನೂ ಹೇಳಲಾರನು. ಈ ಮಾತು ಮುಂದೆ ಬೇಕಾಗುತ್ತದೆ.

ಈಗ 'ಹೀರೋ' ಎಂಬ ಪದಕ್ಕೆ ಬರೋಣ. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಮಾತುಗಳಿವೆ, ಎರಡೂ ಬೇರೆಬೇರೆ. 'ನಾಯಕ'ನೆಂದರೆ ಮುಂದೆ ನಡೆಸುವವನು. ಕಥೆಯು ಯಾರನ್ನು ಹಿಡಿದು ಸಾಗುವುದೋ ಅವನು. 'ವೀರ'ನ ಮಾತೇ ಬೇರೆ. ನಮ್ಮ ಹಳ್ಳಿಗಳ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಕಳ್ಳರು ಹೊಡೆದೊಯ್ಯುತ್ತಿದ್ದ ತುರುಗಳನ್ನು ಬಿಡಿಸಹೋಗಿ ಸತ್ತವನೊಬ್ಬನು ಕೆಳಗಿನ ಹಲಗೆಯಲ್ಲಿ ಕಾದುತ್ತಿರುತ್ತಾನೆ. ನಡುವಿನ ಹಲಗೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಅವನು ಮನೆಯೊಳಗೇ ಉಳಿಯಬಹುದಾಗಿದ್ದಿತು, ಉಳಿಯಲಿಲ್ಲ. ಹೋದವನು ಮರಳಲಿಲ್ಲ. ಕಲ್ಲು ನೆಟ್ಟುದು ಈ ಎರಡು ಸಂಗತಿಗಳಿಗಾಗಿಯೇ ಹೊರತು ಅವನು ಎಷ್ಟು ತಲೆಗಳನ್ನು ಕಡಿದನೆಂಬ ಲೆಕ್ಕಕ್ಕಾಗಿ ಅಲ್ಲವೆಂದು ನಾನು ಭಾವಿಸುತ್ತೇನೆ. ಫ್ರೀಮನ್ನನು ಕಥೆಯ ನಾಯಕನೆಂಬುದು ನಿರ್ವಿವಾದ. ಅವನಿಗೆ ಉಳಿಯುವ ದಾರಿಯಿದ್ದಿತೆ? ಮರಳಿ ಬಾರದಿರುವ ಭಯವಿದ್ದಿತೆ?

ಮೊದಲನೆಯ ಪ್ರಶ್ನೆಗೆ ಉತ್ತರವು ಆಟದ ಯಂತ್ರರಚನೆಯಲ್ಲಿಯೇ ಇದೆ. ಆಟದ ಪ್ರಪಂಚದಲ್ಲಿ ಅಲ್ಲಲ್ಲಿ ಕಣ್ಣಿಗೆ ಕಾಣದ ಗಡಿಗಳನ್ನು ಹಾಕಿರುತ್ತಾರೆ. ಆಟಗಾರನು ಗಡಿಯನ್ನು ದಾಟಿದೊಡನೆ ಮೊದಲೇ ಬರೆದಿಟ್ಟ ಘಟನೆಗಳು ಒಂದೊಂದಾಗಿ ಜರುಗುತ್ತವೆ: ಬಾಗಿಲು ಕುಸಿಯುತ್ತದೆ, ವಿಜ್ಞಾನಿ ಕೂಗುತ್ತಾನೆ, ಸೈನಿಕನು ಇಳಿಯುತ್ತಾನೆ. ದಾಟದಿದ್ದರೆ ಏನೂ ಆಗದು. ಪರೀಕ್ಷಾಕೋಣೆಯಲ್ಲಿ ತಳ್ಳುಗಾಡಿಯನ್ನು ತಳ್ಳದೆ ಸುಮ್ಮನೆ ನಿಂತುಬಿಟ್ಟರೆ ಲೋಕವು ಉಳಿಯುವುದೆಂದು ನೀವು ಎಣಿಸಬಹುದು. ಉಳಿಯುವುದು ನಿಜ, ಆದರೆ ಕಥೆಯ ಕಾಲವೂ ಅಲ್ಲಿಯೇ ನಿಂತುಹೋಗುವುದು. ತಳ್ಳುವುದೊಂದೇ ದಾರಿ. ಯುರೇನಿಯಮ್ಮಿನ ಬೀಜವೊಂದಕ್ಕೆ ಇರುವಷ್ಟು ಅನಿಶ್ಚಯವೂ ಈ 'ಸ್ವತಂತ್ರ ಮನುಷ್ಯ'ನೆಂಬ ಹೆಸರಿನವನಿಗೆ ಇಲ್ಲ!

ಆಟದ ಕೊನೆಯಲ್ಲಿ ಮಾತ್ರ ಒಂದು ಆಯ್ಕೆಯನ್ನು ಮುಂದಿಡುತ್ತಾರೆ. ಕೈಪೆಟ್ಟಿಗೆ ಹಿಡಿದ ನಿಗೂಢ ವ್ಯಕ್ತಿಯೊಬ್ಬನು ಬಂದು, ತನ್ನವರ ಕೆಲಸಕ್ಕೆ ಸೇರುವೆಯೋ ಇಲ್ಲವೋ ಎನ್ನುತ್ತಾನೆ. ಒಲ್ಲೆನೆಂದವನನ್ನು ಆಯುಧವಿಲ್ಲದೆ ಶತ್ರುಗಳ ನಡುವೆ ಇಳಿಸಿಬಿಡುತ್ತಾನೆ. ನನ್ನ ಮಟ್ಟಿಗೆ ಆಟದಲ್ಲಿ ವೀರತ್ವಕ್ಕೆ ಅತ್ಯಂತ ಸಮೀಪವಾದುದು ಈ ನಿರಾಕರಣೆಯೇ. ಆದರೆ ೨೦೦೪ರಲ್ಲಿ ಬಂದ ಎರಡನೆಯ ಭಾಗವು ಅವನು ಒಪ್ಪಿದನೆಂದೇ ಹಿಡಿದು ಮುಂದುವರಿಯುತ್ತದೆ. ಆ ಭಾಗದಲ್ಲಿ ಖಳನಾದ ಬ್ರೀನ್ ಎಂಬವನು, ಇಷ್ಟೆಲ್ಲವನ್ನೂ ಕೆಡವಿದ ನೀನು ಕಟ್ಟಿದುದು ಯಾವುದೆಂದು ಫ್ರೀಮನ್ನನನ್ನು ಕೇಳುತ್ತಾನೆ. ಖಳನ ಬಾಯಿಂದ ಬಂದರೂ ಪ್ರಶ್ನೆ ಸರಿಯಾದುದು. ಫ್ರೀಮನ್ನನು ಎರಡು ಆಟಗಳಲ್ಲಿಯೂ ಒಂದು ಮಾತನ್ನೂ ಆಡದವನಾದುದರಿಂದ ಉತ್ತರವು ದೊರೆಯುವುದಿಲ್ಲ.

ಎರಡನೆಯ ಪ್ರಶ್ನೆ ಇದಕ್ಕಿಂತ ಗಹನ. ಎಫ್ ೬ ಎಂಬ ಕೀಲಿಯನ್ನು ಒತ್ತಿದರೆ ಆ ಕ್ಷಣದ ಲೋಕವಿಡೀ ಸಂಖ್ಯೆಗಳಾಗಿ ಗಣಕದ ಸ್ಮರಣೆಯಲ್ಲಿ ಬರೆಯಲ್ಪಡುತ್ತದೆ: ಯಾವ ಬಾಗಿಲು ತೆರೆದಿದೆ, ಯಾವ ಸೈನಿಕನು ಎಲ್ಲಿದ್ದಾನೆ, ಫ್ರೀಮನ್ನನ ದೇಹಸ್ಥಿತಿ ನೂರಕ್ಕೆ ಎಷ್ಟು, ಉಳಿದ ಗುಂಡುಗಳೆಷ್ಟು. ಸತ್ತ ಬಳಿಕ ಎಫ್ ೭ನ್ನು ಒತ್ತಿದರೆ ಆ ಸಂಖ್ಯೆಗಳೆಲ್ಲ ಮರಳುತ್ತವೆ. ನಾನು ಒಂದು ಹಜಾರವನ್ನು ದಾಟಲು ಹದಿನೇಳು ಸಲ ಸತ್ತೆನು. ಹದಿನೆಂಟನೆಯ ಸಲ ದಾಟಿದುದು ಧೈರ್ಯದಿಂದಲ್ಲ, ಸೈನಿಕರು ಎಲ್ಲಿಂದ ಬರುವರೆಂಬುದು ಬಾಯಿಪಾಠವಾಗಿದ್ದುದರಿಂದ.

ನಿಸರ್ಗದಲ್ಲಿ ಇಂತಹ ಮರಳಿಕೆ ಸಾಧ್ಯವೆ? ಗಣಿತಜ್ಞನಾದ ಪಾಯಿಂಕರೇ ೧೮೯೦ರಲ್ಲಿ, ಎಲ್ಲೆಯೊಳಗೆ ಬಂಧಿತವಾದ ಯಾಂತ್ರಿಕ ವ್ಯವಸ್ಥೆಯೊಂದು ಸಾಕಷ್ಟು ಕಾಲ ಕಳೆದರೆ ತನ್ನ ಮೊದಲ ಸ್ಥಿತಿಯ ಸಮೀಪಕ್ಕೆ ಮರಳಿಯೇ ಮರಳುವುದೆಂದು ಸಾಧಿಸಿದನು. ಆದರೆ ಆ 'ಸಾಕಷ್ಟು ಕಾಲ' ಎಷ್ಟೆಂದು ಲೆಕ್ಕಹಾಕಿದರೆ, ಒಂದು ಸೀಸೆಯ ಗಾಳಿಗೂ ವಿಶ್ವದ ವಯಸ್ಸು ಏನೇನೂ ಸಾಲದು. ಚೆಲ್ಲಿದ ಹಾಲು ಪಾತ್ರೆಗೆ ಏರದು. (ಲೇಡ್‌ಲಾ ಅವರು ಈ ನಾಯಕನಿಗೆ ಮೊದಲು ಇಡಬೇಕೆಂದಿದ್ದ ಹೆಸರು 'ಡೈಸನ್ ಪಾಯಿಂಕರೇ'. ಅದನ್ನೇ ಉಳಿಸಿದ್ದರೆ ನನ್ನಂತಹ ಮೇಷ್ಟರುಗಳಿಗೆ ಎಷ್ಟು ಅನುಕೂಲವಾಗುತ್ತಿದ್ದಿತು!)

ಈ ಕಾಲ್ಪನಿಕ ಪ್ರಯೋಗಾಲಯವಿರುವ ನ್ಯೂ ಮೆಕ್ಸಿಕೊದಲ್ಲಿಯೇ ನಿಜವಾದ ಪ್ರಯೋಗಾಲಯವೊಂದು ಉಂಟು, ಲಾಸ್ ಅಲಾಮೊಸ್. ೧೯೪೬ರ ಮೇ ೨೧ರಂದು ಅಲ್ಲಿ ಲೂಯಿ ಸ್ಲಾಟಿನ್ ಎಂಬ ಮೂವತ್ತೈದು ವರ್ಷದ ಕೆನಡಾದ ಭೌತವಿಜ್ಞಾನಿಯು ಸಹೋದ್ಯೋಗಿಗಳಿಗೆ ಪ್ರಯೋಗವೊಂದನ್ನು ತೋರಿಸುತ್ತಿದ್ದನು. ಸುಮಾರು ಆರು ಕಿಲೋಗ್ರಾಮ್ ತೂಕದ ಪ್ಲೂಟೋನಿಯಮ್ ಗೋಲ. ಅದರ ಕೆಳಗೆ ಬೆರಿಲಿಯಮ್ಮಿನ ಅರ್ಧ ಚಿಪ್ಪು. ಇನ್ನೊಂದು ಅರ್ಧವನ್ನು ಮೇಲಿನಿಂದ ಮೆಲ್ಲಮೆಲ್ಲನೆ ಇಳಿಸುವುದು. ಹೊರಹೋಗುವ ನ್ಯೂಟ್ರಾನುಗಳನ್ನು ಬೆರಿಲಿಯಮ್ ಒಳಕ್ಕೆ ಮರಳಿಸುವುದರಿಂದ, ಚಿಪ್ಪುಗಳು ಪೂರ್ತಿ ಮುಚ್ಚಿದರೆ ಸರಪಣಿ ಕ್ರಿಯೆ ಮಿತಿಮೀರುತ್ತದೆ. ಮುಚ್ಚದಂತೆ ನಡುವೆ ಬೆಣೆಗಳನ್ನು ಇಡತಕ್ಕದ್ದು ಕ್ರಮ. ಸ್ಲಾಟಿನ್ನನು ಬೆಣೆಗಳನ್ನು ತೆಗೆದು, ತಿರುಪುಳಿಯೊಂದರ ಮೊನೆಯಿಂದ ಸಂದನ್ನು ಕಾಯ್ದುಕೊಂಡಿದ್ದನು.

ತಿರುಪುಳಿ ಜಾರಿತು. ನೀಲಿಯ ಬೆಳಕು ಮಿಂಚಿತು. ಕೋಣೆಯಲ್ಲಿದ್ದವರಿಗೆ ಬಿಸಿ ತಾಕಿತು. ಸ್ಲಾಟಿನ್ನನು ಮೇಲಿನ ಚಿಪ್ಪನ್ನು ಬರಿಯ ಎಡಗೈಯಿಂದ ಎತ್ತಿ ನೆಲಕ್ಕೆ ಕೆಡವಿದನು. ಕಾಯ್ದ ಲೋಹವು ಹಿಗ್ಗಿದುದರಿಂದ ಮೊದಲ ಉಕ್ಕು ತಾನಾಗಿಯೇ ತಗ್ಗಿದ್ದಿತೆಂದು ಭೌತವಿಜ್ಞಾನವು ಹೇಳುತ್ತದೆ. ಅವನ ಕೈ ತಪ್ಪಿಸಿದುದು ಅದರ ಮರುಕಳಿಕೆಯನ್ನು. ಉಪಕರಣದ ಮೇಲೆ ಬಾಗಿದ್ದ ಅವನ ದೇಹವೇ ಹಿಂದಿದ್ದವರಿಗೆ ಬಹುಮಟ್ಟಿಗೆ ಮರೆಯಾಯಿತು. ಕೋಣೆಯಲ್ಲಿದ್ದ ಇತರ ಏಳು ಮಂದಿ ಆಸ್ಪತ್ರೆಯಿಂದ ಹೊರಬಂದರು. ಒಂಬತ್ತು ದಿನಗಳ ನಂತರ, ಮೇ ೩೦ರಂದು, ಸ್ಲಾಟಿನ್ನನು ತೀರಿಕೊಂಡನು. ಅದೇ ಗೋಲವು ಹಿಂದಿನ ವರ್ಷ ಹ್ಯಾರಿ ಡಾಗ್ಲಿಯನ್ ಎಂಬ ತರುಣನನ್ನೂ ಬಲಿ ತೆಗೆದುಕೊಂಡಿದ್ದಿತು.

ಇವನು ವೀರನೆ? ಅಪಾಯವನ್ನು ತಂದವನೂ ಅವನೇ ಎಂಬುದನ್ನು ಮುಚ್ಚಿಡಲಾಗದು. ಆದರೂ ಆ ಕ್ಷಣದಲ್ಲಿ ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬಾಗಿಲ ಕಡೆಗೆ ಓಡಬಹುದಾಗಿದ್ದಿತು. ಕೈ ಮುಂದಕ್ಕೆ ಹೋಯಿತು. ಅದನ್ನು ಮರಳಿಸುವ ಕೀಲಿ ಯಾವುದೂ ಅಲ್ಲಿರಲಿಲ್ಲ.

ರಜೆ ಮುಗಿದ ಮೇಲೆ ಆ ವಿದ್ಯಾರ್ಥಿಗೆ ಇದನ್ನೆಲ್ಲ ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಣೆ ಇಟ್ಟಿದ್ದರೆ ಅವರು ಹೀರೋ ಆಗೋದೇ ಬೇಕಿರಲಿಲ್ಲ ಅಲ್ವಾ, ಸಾರ್?" ಎಂದು ಕೇಳಿದನು. ಹೌದೆಂದೆನು. ಲಾಸ್ ಅಲಾಮೊಸ್‌ನವರೂ ಹಾಗೆಯೇ ಎಣಿಸಿದರು. ಆ ಬಳಿಕ ಇಂತಹ ಪ್ರಯೋಗಗಳನ್ನು ಕೈಯಿಂದ ಮಾಡುವುದನ್ನು ನಿಲ್ಲಿಸಿ, ಕಾಲು ಮೈಲಿ ದೂರದಿಂದ ಯಂತ್ರಗಳ ಮೂಲಕ ನಡೆಸತೊಡಗಿದರು. ಮಾರನೆಯ ದಿನ ಅವನು ಮತ್ತೆ ಬಂದು, ಹಿಂದಿನ ರಾತ್ರಿ ತಳ್ಳುಗಾಡಿಯನ್ನು ತಳ್ಳದೆ ಹಾಗೆಯೇ ಬಿಟ್ಟು ಊಟಕ್ಕೆ ಹೋಗಿದ್ದುದಾಗಿ ಹೇಳಿದನು. ಮರಳಿ ಬಂದಾಗಲೂ ಗಾಡಿ ಇಟ್ಟಲ್ಲಿಯೇ ಇದ್ದಿತಂತೆ.