ಟ್ಯಾಂಕಿನ ವಿದ್ಯುನ್ಮಾನ ಮಟ್ಟಮಾಪಕ: ಅಳವಡಿಕೆ ಹಾಗೂ ದಾಸ್ತಾನು ಲೆಕ್ಕ

ಡೀಸೆಲ್, ಖಾದ್ಯ ತೈಲ, ಕಾಕಂಬಿ ಮೊದಲಾದ ದ್ರವ ಸರಕನ್ನು ಟ್ಯಾಂಕಿನಲ್ಲಿ ದಾಸ್ತಾನು ಮಾಡುವ ಉದ್ಯಮಗಳು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ. ಸಂಡೂರಿನ ಗಣಿ ಹಾಗೂ ಟಿಪ್ಪರ್ ಮಾಲೀಕರು, ಹೊಸಪೇಟೆಯ ಲಾರಿ ಸಾಗಣೆದಾರರು, ಕಂಪ್ಲಿಯ ಅಕ್ಕಿ ಗಿರಣಿಗಳು, ಹಂಪಿ ಸುತ್ತಲಿನ ವಸತಿಗೃಹಗಳು, ಇವರೆಲ್ಲರಿಗೂ ವಾಹನಕ್ಕೋ ಜನರೇಟರಿಗೋ ಡೀಸೆಲ್ ಬೇಕಾಗುತ್ತದೆ. ಚೀಲಗಳನ್ನು ಎಣಿಸಬಹುದು, ಕಬ್ಬಿಣವನ್ನು ತೂಗಬಹುದು. ಆದರೆ ಟ್ಯಾಂಕಿನೊಳಗಿನ ದ್ರವವನ್ನು ಎಣಿಸಲೂ ಆಗದು, ಸುಲಭವಾಗಿ ತೂಗಲೂ ಆಗದು. ಕೋಲು ಇಳಿಸಿ ನೋಡುವ ಪದ್ಧತಿಗೆ ಬದಲಾಗಿ ವಿದ್ಯುನ್ಮಾನ ಮಟ್ಟಮಾಪಕವನ್ನು ಅಳವಡಿಸುವವರು ಹೆಚ್ಚುತ್ತಿದ್ದಾರೆ. ಇದು ಸ್ವಾಗತಾರ್ಹ. ಆದರೆ ಸರಿಯಾಗಿ ಅಳವಡಿಸದ ಮಾಪಕವು ಇಲ್ಲದ ಕೊರತೆಯನ್ನು ತೋರಿಸಿ, ಪ್ರಾಮಾಣಿಕ ನೌಕರನನ್ನು ಕಳ್ಳನನ್ನಾಗಿಸಬಲ್ಲದು. ಇರುವ ಸೋರಿಕೆಯನ್ನು ಮುಚ್ಚಿಹಾಕಲೂಬಲ್ಲದು. ಆದ್ದರಿಂದ ವರ್ತಕ ಬಾಂಧವರು ಕೆಲವು ಅಂಶಗಳನ್ನು ಗಮನಿಸುವುದು ಅವಶ್ಯ.

ಮಟ್ಟ ಬೇರೆ, ಪ್ರಮಾಣ ಬೇರೆ

ಮಾಪಕವು ಅಳೆಯುವುದು ದ್ರವದ ಎತ್ತರವನ್ನು ಮಾತ್ರ. ಲೀಟರುಗಳು ದೊರೆಯುವುದು ಎತ್ತರವನ್ನು ಪ್ರಮಾಣಕ್ಕೆ ಪರಿವರ್ತಿಸುವ ಕೋಷ್ಟಕದಿಂದ. ಇದಕ್ಕೆ ನಮ್ಮ ತುಂಗಭದ್ರಾ ಜಲಾಶಯವೇ ನಿದರ್ಶನ. ಅದರ ಪೂರ್ಣ ಮಟ್ಟ 1,633 ಅಡಿ. ಪ್ರಾರಂಭದಲ್ಲಿ ಈ ಮಟ್ಟಕ್ಕೆ ಸುಮಾರು 133 ಟಿ.ಎಂ.ಸಿ. ನೀರು ನಿಲ್ಲುತ್ತಿತ್ತು. ಹೂಳು ತುಂಬಿದ ಕಾರಣ ಪರಿಷ್ಕೃತ ಲೆಕ್ಕದಂತೆ ಅದೇ ಮಟ್ಟಕ್ಕೆ ನಿಲ್ಲುವುದು ಸುಮಾರು 105 ಟಿ.ಎಂ.ಸಿ. ಮಾತ್ರ. ಮಟ್ಟ ಬದಲಾಗಲಿಲ್ಲ, ಕೋಷ್ಟಕ ಬದಲಾಯಿತು.

ನಮ್ಮ ಡೀಸೆಲ್ ಟ್ಯಾಂಕುಗಳು ಸಾಮಾನ್ಯವಾಗಿ ಅಡ್ಡಲಾಗಿ ಮಲಗಿಸಿದ ಉರುಳೆಗಳು. ಉದಾಹರಣೆಗೆ, 2 ಮೀಟರ್ ವ್ಯಾಸ, 3.2 ಮೀಟರ್ ಉದ್ದದ ಟ್ಯಾಂಕಿನಲ್ಲಿ ಸುಮಾರು 10,000 ಲೀಟರ್ ಹಿಡಿಸುತ್ತದೆ. ಅದು ಅರ್ಧ ತುಂಬಿರುವಾಗ 1 ಮಿ.ಮೀ. ಎತ್ತರವೆಂದರೆ 6.4 ಲೀಟರ್. ತಳದಿಂದ ಕೇವಲ 10 ಸೆಂ.ಮೀ. ಇರುವಾಗ ಅದೇ 1 ಮಿ.ಮೀ. ಎಂದರೆ ಸುಮಾರು 2.8 ಲೀಟರ್. ಕೋಲಿನ ಓದಿನಲ್ಲಿ 5 ಮಿ.ಮೀ. ತಪ್ಪಿದರೂ ನಡುಮಟ್ಟದಲ್ಲಿ 32 ಲೀಟರ್ ವ್ಯತ್ಯಾಸ ಬರುತ್ತದೆ.

ಮಾಪಕದ ಆಯ್ಕೆ

ಪ್ರಚಲಿತ ಮಾಪಕಗಳು ಮುಖ್ಯವಾಗಿ ನಾಲ್ಕು ಬಗೆ. ಕಾಂತೀಯ ಫ್ಲೋಟು ಜಾರುವ ಪ್ರೋಬ್ ಡೀಸೆಲ್‌ಗೆ ಸೂಕ್ತ. ಎರಡನೆಯ ಫ್ಲೋಟು ಇದ್ದಲ್ಲಿ ತಳದಲ್ಲಿ ಸೇರಿದ ನೀರನ್ನೂ ತಿಳಿಸುತ್ತದೆ. ಒತ್ತಡವನ್ನು ಅಳೆಯುವ ಮಾಪಕ ಅಗ್ಗ. ಆದರೆ ಅದಕ್ಕೆ ದ್ರವದ ಸಾಂದ್ರತೆಯನ್ನು ಸರಿಯಾಗಿ ತಿಳಿಸಬೇಕು. ನೀರಿಗೆಂದು ಹೊಂದಿಸಿದ ಮಾಪಕವನ್ನು 0.83 ಸಾಂದ್ರತೆಯ ಡೀಸೆಲ್‌ನಲ್ಲಿ ಇಳಿಸಿದರೆ, 1,000 ಮಿ.ಮೀ. ಇರುವಲ್ಲಿ 830 ಎಂದೇ ತೋರಿಸುತ್ತದೆ. ಶ್ರವಣಾತೀತ ಧ್ವನಿಯ ಮಾಪಕವು ದ್ರವವನ್ನು ಮುಟ್ಟುವುದಿಲ್ಲ. ಆದರೆ ತನ್ನ ಮುಖದ ಸಮೀಪದ ಕೆಲವು ಸೆಂ.ಮೀ. ಅಂತರವನ್ನು ಅಳೆಯಲಾರದು, ಆವಿ ಹಾಗೂ ನೊರೆಯಿಂದಲೂ ತಪ್ಪುತ್ತದೆ. ಕಾಕಂಬಿಯಂತಹ ಮಂದ ದ್ರವಕ್ಕೆ ರೇಡಾರ್ ಮಾಪಕ ಮೇಲು; ಬೆಲೆಯೂ ಹೆಚ್ಚು.

ಅಳವಡಿಕೆಯ ಕ್ರಮ

ಮೊದಲನೆಯದಾಗಿ, ಟ್ಯಾಂಕು ಸಮತಟ್ಟಾಗಿದೆಯೇ ಎಂದು ನೋಡಬೇಕು. ಮೇಲಿನ ಉದಾಹರಣೆಯ ಟ್ಯಾಂಕು 100ಕ್ಕೆ 1ರಷ್ಟು ವಾಲಿದ್ದು, ಮಾಪಕವನ್ನು ನಡುವೆ ಕೂರಿಸದೆ ತುದಿಯಲ್ಲಿ ಕೂರಿಸಿದರೆ 16 ಮಿ.ಮೀ., ಅಂದರೆ ಸುಮಾರು 100 ಲೀಟರ್, ಕಾಯಂ ವ್ಯತ್ಯಾಸ ಉಳಿಯುತ್ತದೆ. ಆದ್ದರಿಂದ ಮಾಪಕವು ಉದ್ದದ ನಡುಭಾಗದಲ್ಲಿ, ನೇರವಾಗಿ, ದ್ರವ ಸುರಿಯುವ ಕೊಳವೆಯಿಂದ ದೂರವಿರಬೇಕು.

ಎರಡನೆಯದಾಗಿ, ಶೂನ್ಯ ಬಿಂದುವನ್ನು ನಿಗದಿಪಡಿಸಬೇಕು. ಪ್ರೋಬಿನ ತುದಿ ತಳಕ್ಕೆ ತಾಗಿರುವುದಿಲ್ಲ. ಆ 25 ಮಿ.ಮೀ. ಅಂತರವನ್ನು ನಮೂದಿಸದಿದ್ದರೆ ನಡುಮಟ್ಟದಲ್ಲಿ 160 ಲೀಟರ್ ಕಡಿಮೆ ಕಾಣಿಸುತ್ತದೆ.

ಮೂರನೆಯದಾಗಿ, ಟ್ಯಾಂಕಿನ ಕ್ಯಾಲಿಬ್ರೇಷನ್ ಕೋಷ್ಟಕವನ್ನು ಮಾಪಕಕ್ಕೆ ತುಂಬಬೇಕು. ತಯಾರಕರ ನಕ್ಷೆಯ ಅಳತೆಗಿಂತ, ತಿಳಿದ ಪ್ರಮಾಣವನ್ನು ಹಂತಹಂತವಾಗಿ ಸುರಿದು ತಯಾರಿಸಿದ ಕೋಷ್ಟಕವೇ ವಿಶ್ವಾಸಾರ್ಹ. ಬಳಿಕ ಕನಿಷ್ಠ ಐದು ಮಟ್ಟಗಳಲ್ಲಿ ಕೋಲಿನ ಓದನ್ನೂ ಮಾಪಕದ ಓದನ್ನೂ ತಾಳೆ ನೋಡಿ, ಇಬ್ಬರ ಸಹಿಯೊಡನೆ ಬರೆದಿಡಬೇಕು.

ನಾಲ್ಕನೆಯದು ಸಂಕೇತದ ತಂತಿ. 4ರಿಂದ 20 ಮಿಲಿ ಆಂಪಿಯರ್ ಪದ್ಧತಿಯಲ್ಲಿ 4 ಎಂದರೆ ಖಾಲಿ, 20 ಎಂದರೆ ಭರ್ತಿ. ತಂತಿ ತುಂಡಾದರೆ ಶೂನ್ಯ ಬರುವುದರಿಂದ, ಖಾಲಿ ಟ್ಯಾಂಕಿಗೂ ಕೆಟ್ಟ ತಂತಿಗೂ ಇರುವ ಭೇದ ತಿಳಿಯುತ್ತದೆ.

ಸುರಕ್ಷತೆ ಹಾಗೂ ಕಾನೂನು

ಡೀಸೆಲ್ 'ಬಿ' ವರ್ಗದ ಪೆಟ್ರೋಲಿಯಂ. 1934ರ ಪೆಟ್ರೋಲಿಯಂ ಕಾಯಿದೆಯಂತೆ ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದೆ, ಯಾವುದೇ ಒಂದು ಪಾತ್ರೆಯ ಸಾಮರ್ಥ್ಯ 1,000 ಲೀಟರ್ ಮೀರದಿದ್ದರೆ ಪರವಾನಗಿ ಬೇಕಿಲ್ಲ, ಮೀರಿದರೆ ಬೇಕು. ಪರವಾನಗಿ ಪಡೆದ ಟ್ಯಾಂಕಿನಲ್ಲಿ ಆವಿ ಇರುವ ವಲಯಕ್ಕೆ ಅನುಮೋದಿತ ಮಾದರಿಯ, ಕಿಡಿ ಹೊಮ್ಮದ ಸಾಧನವನ್ನೇ ಅಳವಡಿಸತಕ್ಕದ್ದು. ಟ್ಯಾಂಕಿಗೆ ಸ್ಥಳೀಯ ವೆಲ್ಡರ್‌ನಿಂದ ಹೊಸ ರಂಧ್ರ ಕೊರೆಸುವುದು ಪ್ರಾಣಾಪಾಯಕ್ಕೆ ಆಹ್ವಾನ. ಇನ್ನೊಂದು ಮಾತು: ಪಂಪಿನ ಮೂಲಕ ಇತರರಿಗೆ ಮಾರಾಟ ಮಾಡುವವರು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನು ಪಂಪಿಗೆ ಹಾಕಿಸಲೇಬೇಕು, ಮಟ್ಟಮಾಪಕ ಅದಕ್ಕೆ ಪರ್ಯಾಯವಲ್ಲ.

ಉಷ್ಣತೆಯ ಪ್ರಭಾವ

ಡೀಸೆಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10,000 ಲೀಟರಿಗೆ ಸುಮಾರು 8.3 ಲೀಟರಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ 40 ಡಿಗ್ರಿಯಲ್ಲಿ ಇಳಿಸಿಕೊಂಡ 10,000 ಲೀಟರ್, 30 ಡಿಗ್ರಿಗೆ ತಣಿದಾಗ ಸುಮಾರು 83 ಲೀಟರ್ ಕಡಿಮೆ ಕಾಣಿಸುತ್ತದೆ. ಲೀಟರಿಗೆ 90 ರೂ. ಎಂದು ಹಿಡಿದರೂ ಇದು ಸುಮಾರು 7,470 ರೂ. ಆದರೆ ಯಾರೂ ಕದ್ದಿಲ್ಲ, ಒಂದು ಹನಿಯೂ ಸೋರಿಲ್ಲ. ಆದ್ದರಿಂದ ಉಷ್ಣತೆಯನ್ನೂ ದಾಖಲಿಸುವ ಮಾಪಕವನ್ನೇ ಕೊಳ್ಳುವುದು ಲೇಸು. ಟ್ಯಾಂಕರ್ ಇಳಿಸಿದ ಕೂಡಲೇ ಅಳೆಯದೆ, ದ್ರವ ನೆಲೆಗೊಂಡ ಮೇಲೆ ಓದಬೇಕು.

ದೈನಂದಿನ ತಾಳೆ

ಪ್ರತಿದಿನ ಒಂದೇ ಸಮಯಕ್ಕೆ, ಆದಷ್ಟು ಬೆಳಿಗ್ಗೆ, ಆರಂಭಿಕ ಶಿಲ್ಕಿಗೆ ಆವಕ ಸೇರಿಸಿ, ವಿತರಣೆ ಕಳೆದು, ವಹಿಯ ಶಿಲ್ಕನ್ನು ಮಾಪಕದ ಶಿಲ್ಕಿನೊಡನೆ ಹೋಲಿಸಬೇಕು. ಒಂದು ದಿನದ ವ್ಯತ್ಯಾಸಕ್ಕಿಂತ ತಿಂಗಳ ವ್ಯತ್ಯಾಸಗಳ ಧಾಟಿಯೇ ಮುಖ್ಯ.

ವ್ಯತ್ಯಾಸ ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಬಂದರೆ ಅದು ಉಷ್ಣತೆ ಅಥವಾ ಓದಿನ ದೋಷ. ಟ್ಯಾಂಕರ್ ಬಂದ ದಿನ ಮಾತ್ರ ಬಂದರೆ ಆವಕದ ಅಳತೆ ಅಥವಾ ಕೋಷ್ಟಕವನ್ನು ಪರೀಕ್ಷಿಸಬೇಕು. ವಿತರಣೆಗೆ ಅನುಗುಣವಾಗಿ ಏರಿದರೆ ಪಂಪಿನ ಮೀಟರಿನ ದೋಷವಿರಬಹುದು. ಪಂಪಿಗೆ 5 ಲೀಟರಿಗೆ 25 ಮಿ.ಲೀ.ನಷ್ಟು ತಪ್ಪಿಗೆ ರಿಯಾಯಿತಿ ಇದೆ, ಅಂದರೆ 5,000 ಲೀಟರಿಗೆ 25 ಲೀಟರ್. ರಜಾದಿನದಲ್ಲೂ ಒಂದೇ ಪ್ರಮಾಣದಲ್ಲಿ ಇಳಿಯುತ್ತಿದ್ದರೆ ಸೋರಿಕೆಯನ್ನು ಹುಡುಕಬೇಕು. ಇವು ಯಾವುವೂ ಅಲ್ಲದೆ, ನಿರ್ದಿಷ್ಟ ಪಾಳಿಯಲ್ಲಿ ಮಾತ್ರ ಕೊರತೆ ಮರುಕಳಿಸಿದರೆ ಆಗ ವ್ಯಕ್ತಿಗಳ ವಿಚಾರಣೆ ಸಮಂಜಸ.

2019ರ ವೇತನ ಸಂಹಿತೆಯಂತೆ, ವಶಕ್ಕೆ ಕೊಟ್ಟ ಸರಕಿನ ನಷ್ಟವನ್ನು ನೌಕರನ ಸಂಬಳದಿಂದ ಮುರಿಯಬೇಕಾದರೆ ಅದು ಅವನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನೇರವಾಗಿ ಆಗಿರಬೇಕು, ಕಾರಣ ತಿಳಿಸಲು ಅವನಿಗೆ ಅವಕಾಶವನ್ನೂ ಕೊಡಬೇಕು. ಮಾಪಕದ ಒಂದು ದಿನದ ಓದು ಇದಕ್ಕೆ ಸಾಕಾಗದು.

ತೆರಿಗೆಯ ದೃಷ್ಟಿ

ಡೀಸೆಲ್ ಇನ್ನೂ ಜಿ.ಎಸ್.ಟಿ. ವ್ಯಾಪ್ತಿಗೆ ಬಂದಿಲ್ಲ, ಅದರ ಮೇಲಿನ ತೆರಿಗೆಯೂ ವೆಚ್ಚವೇ, ಹೀಗಾಗಿ ಪ್ರತಿ ಲೀಟರ್ ನಷ್ಟವೂ ಪೂರ್ಣ ನಷ್ಟ. ಖಾದ್ಯ ತೈಲದಂತಹ ಜಿ.ಎಸ್.ಟಿ. ಸರಕಿನಲ್ಲಿ ಕಳೆದುಹೋದ, ಕಳವಾದ ಅಥವಾ ವಹಿಯಿಂದ ಕೈಬಿಟ್ಟ ದಾಸ್ತಾನಿನ ಮೇಲಿನ ಇನ್‌ಪುಟ್ ತೆರಿಗೆ ಜಮೆಯನ್ನು ಕಲಂ 17(5)ರಂತೆ ಹಿಂದಿರುಗಿಸಬೇಕಾಗುತ್ತದೆ. ತಪ್ಪು ಓದಿನ ಆಧಾರದ ಮೇಲೆ ಕೊರತೆ ಬರೆದರೆ, ಇಲ್ಲದ ನಷ್ಟಕ್ಕೆ ತೆರಿಗೆಯನ್ನೂ ತೆತ್ತಂತಾಗುತ್ತದೆ. ಮಾಪಕದ ಖರೀದಿಯ ಮೇಲೆ ತೆತ್ತ ಜಿ.ಎಸ್.ಟಿ.ಗೆ ಜಮೆ ಪಡೆಯುವವರು ಆ ತೆರಿಗೆ ಮೊತ್ತದ ಮೇಲೆ ಸವಕಳಿ ಪಡೆಯುವಂತಿಲ್ಲ.

ಮಾಪಕ ಬಂದಿತೆಂದು ಕೋಲನ್ನು ಬಿಸಾಡಬಾರದು. ವಾರಕ್ಕೊಮ್ಮೆ ಕೋಲಿನಿಂದ ತಾಳೆ ನೋಡುವುದು, ಮಾರ್ಚ್ 31ರಂದು ಎರಡೂ ಓದುಗಳನ್ನು ಉಷ್ಣತೆ ಸಹಿತ ಬರೆದು ಸಹಿ ಮಾಡಿಡುವುದು ಒಳ್ಳೆಯ ಪದ್ಧತಿ. ಲೆಕ್ಕಪರಿಶೋಧಕರಿಗಾಗಲಿ, ತೆರಿಗೆ ಅಧಿಕಾರಿಗಾಗಲಿ, ವಿಮಾ ಸಮೀಕ್ಷಕರಿಗಾಗಲಿ ತೋರಿಸಬೇಕಾದ ದಾಖಲೆ ಅದೇ ಆಗಿರುತ್ತದೆ.